ಪುಟ್ಟಿ ಮೊದಲು ನಡೆದದ್ದು ಯಾರ ಮನೆಯಲ್ಲಿ

ಸುಲೋಚನಮ್ಮ: ಬಾಗಿಲ ಮುಂದೆ ಗುಂಡಿ ತೋಡ್ತಿದೀರಲ್ಲ, ಯಾರಿಗ್ರೀ ಇದು?

ರಂಗಪ್ಪ: ಪುಟ್ಟಿಗೆ ಕಣೇ. ಮಗೂನ ಸೊಂಟದ ಮಟ್ಟ ಮರಳಲ್ಲಿ ನಿಲ್ಲಿಸಿದ್ರೆ ಕಾಲು ಗಟ್ಟಿ ಆಗತ್ತೆ. ನಮ್ಮವ್ವ ನನ್ನನ್ನೂ ಹಂಗೇ ನಿಲ್ಲಿಸ್ತಿದ್ಲು.

ಸುಲೋಚನಮ್ಮ: ಅದಕ್ಕೇ ಇರ್ಬೇಕು, ಒಂದ್ ಲೋಟ ನೀರಿಗೂ ಕೂತಲ್ಲಿಂದ ಏಳಲ್ಲ ನೀವು.

ಸಿಂಗಟಗೆರೆಯ ಆ ಮನೆಯಲ್ಲಿ ಅದು ಎಲ್ಲ ಶನಿವಾರದಂಥದೇ ಒಂದು ಶನಿವಾರ. ರಂಗಪ್ಪನಿಗೆ ಅದೇ ಕೊನೆಯದು. ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇ ಜಗಳ ಚೆನ್ನಾಗಿ ನಡೆಯುತ್ತಿತ್ತು. ಹಬ್ಬಕ್ಕೆ ಬಂದು ಉಳಿದಿದ್ದ ಮಗಳು ಮಾನಸ ಮರುದಿನ ಕೂಸಿನ ಜೊತೆ ಅಜ್ಜಂಪುರಕ್ಕೆ, ಗಂಡನ ಮನೆಗೆ ಹೊರಡುವವಳು. ಕೂಸಿಗೆ ವರ್ಷ ತುಂಬಿದರೂ ನಡಿಗೆ ಬಂದಿರಲಿಲ್ಲ. "ನಮ್ಮನೇಗೆ ಬರ್ಲಿ ಬಿಡ್ರಿ, ನಾವು ನಡೆಸ್ಕೋತೀವಿ" ಎಂದು ಬೀಗಿತ್ತಿ ಫೋನಿನಲ್ಲಿ ಅಂದಿದ್ದರು. ಆ ಮಾತು ಚುಚ್ಚಿ, ಮೊಮ್ಮಗಳು ಈ ಮನೆಯಲ್ಲೇ ನಡೆಯಬೇಕು ಎಂದು ರಂಗಪ್ಪ ಹಾರೆ ಹಿಡಿದಿದ್ದ.

ಸುಲೋಚನಮ್ಮ: ಒಂದ್ಸಲ ಬಗ್ಗಿ ನೋಡ್ರಿ. ಎಷ್ಟು ಆಳ ಆಯ್ತು?

ರಂಗಪ್ಪ: ಮೂರಡಿ.

ಸುಲೋಚನಮ್ಮ: ಮಗು ಎಷ್ಟುದ್ದ?

ರಂಗಪ್ಪ ಹಾರೆಗೆ ಒರಗಿ ಗುಂಡಿ ನೋಡಿದ. ಕೂಸನ್ನು ನೋಡಿದ. ಬದುಕೆಲ್ಲ ತೆಂಗಿನ ಸಸಿಗೇ ಗುಂಡಿ ತೋಡಿದ ಕೈ. ಅದಕ್ಕೆ ಬೇರೆ ಅಳತೆ ಬರದು.

ರಂಗಪ್ಪ: ಕೈ ತಾನಾಗೇ ಹೋಯ್ತು ಕಣೇ.

ಸುಲೋಚನಮ್ಮ: ಇನ್ನೇನು, ಬುಡಕ್ಕೆ ಉಪ್ಪು ಹಾಕಿ, ಗೊಬ್ಬರ ಹಾಕಿ. ಬೀಗ್ರು ಬಂದಾಗ ಎಳನೀರು ಕಿತ್ಕೊಡಿ.

ಮಾನಸ: ಅಪ್ಪಾ, ನನ್ ಮಗೂನ ಅದ್ರೊಳಗೆ ಇಳಿಸಿದ್ರೆ ನೋಡು!

ರಂಗಪ್ಪ: ಮರಳು ತುಂಬ್ತೀನಿ ಇರಮ್ಮ!

ಅರ್ಧಕ್ಕಿಂತ ಮೇಲೆ ಮರಳು ತುಂಬಿ ಪುಟ್ಟಿಯನ್ನು ನಿಲ್ಲಿಸಿ, ಸೊಂಟದ ಮಟ್ಟ ಮತ್ತೆ ಮರಳು ಹಾಕಿದ್ದಾಯಿತು. ಪುಟ್ಟಿ ಅಳಲಿಲ್ಲ, ಕಾಲೂ ಆಡಿಸಲಿಲ್ಲ. ಮರಳು ತಿನ್ನತೊಡಗಿದಳು. ಪಕ್ಕದ ಮನೆಯ ಹೊನ್ನಯ್ಯ ಬೇಲಿ ದಾಟಿ ಬಂದ.

ಹೊನ್ನಯ್ಯ: ಯಾವ ತಳಿ ರಂಗಣ್ಣ? ಗಿಡ್ಡದ್ದೋ, ಎತ್ತರದ್ದೋ?

ಸುಲೋಚನಮ್ಮ: ಗಿಡ್ಡದ್ದು ಕಣೋ. ಬೀಗರ ಕಡೆ ತಳಿ.

ಹೊನ್ನಯ್ಯ: ಫಸಲು ಯಾವಾಗ ಅತ್ತಿಗೆ?

ರಂಗಪ್ಪ: ಲೇ, ನಿನ್ ಕೆಲ್ಸ ನೋಡ್ಕೊಳೋ!

ಅಷ್ಟರಲ್ಲಿ ಅಜ್ಜಂಪುರದ ಫೋನು ಬಂತು.

ಬೀಗಿತ್ತಿ: ನಾಳೆ ಕರ್ಕೊಂಡು ಹೋಗಕ್ಕೆ ಬರ್ತೀವಿ ಬೀಗ್ರೇ. ಮಗೂಗೆ ನಡಿಗೆ ಬಂತಾ?

ರಂಗಪ್ಪ: ಬಂತಾ ಅಂದ್ರೆ? ಊರೆಲ್ಲ ಸುತ್ತಾಳೆ! ಹಿಡಿಯಕ್ಕೇ ಆಗ್ತಿಲ್ಲ!

ಫೋನು ಇಟ್ಟ.

ಸುಲೋಚನಮ್ಮ: ಮರಳಲ್ಲಿ ಹೂತಿಟ್ಟು ಊರು ಸುತ್ತಿಸಿದ್ರಲ್ಲ! ನಾಳೆ ಮುಖ ಎಲ್ಲಿಟ್ಕೋತೀರ?

ರಂಗಪ್ಪ: ನಾಳೆವರ್ಗೂ ನೀನು ಬಾಯ್ಮುಚ್ಕೊಂಡಿರು, ಸಾಕು.

ಸುಲೋಚನಮ್ಮ: ಅದಕ್ಕಿಂತ ಮಗೂನ ನಡೆಸೋದು ಸುಲಭ.

ರಂಗಪ್ಪ ಸಿಟ್ಟಿನಿಂದ ಪುಟ್ಟಿಯನ್ನು ಮರಳಿನಿಂದ ಎತ್ತಿ ಪಕ್ಕದಲ್ಲಿ ಇಳಿಸಿ, ಜಗಲಿ ಮೇಲೆ ಕೂತ. ಪುಟ್ಟಿ ಅವನ ಪಂಚೆ ಹಿಡಿದು ಎದ್ದಳು. ಹಿಡಿದದ್ದನ್ನು ಬಿಡದೆ ಹೊನ್ನಯ್ಯನ ಕಡೆ ಹೊರಟಳು. ಒಂದು ಹೆಜ್ಜೆ, ಇನ್ನೊಂದು, ಮತ್ತೊಂದು. ಪಂಚೆಯೂ ಜೊತೆಗೇ ಹೊರಟಿತು.

ರಂಗಪ್ಪ: ಲೇ! ನಡೆದ್ಲು ನೋಡೇ!

ಸುಲೋಚನಮ್ಮ: ಹಿಂದೆ ಹೋಗ್ರಿ, ಬಿದ್ದಾಳು!

ರಂಗಪ್ಪ: ಹೆಂಗೆ ಏಳ್ಲಿ? ಚಡ್ಡೀಲಿದೀನಿ!

ಅಂದವನು ಚಡ್ಡಿಯಲ್ಲೇ ಎದ್ದು ನಿಂತ. "ನಡೆದ್ಲು, ನಡೆದ್ಲು" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಸುಲೋಚನಮ್ಮ ಬಿದ್ದು ಬಿದ್ದು ನಕ್ಕಳು.

ಬೆಳಗ್ಗೆ ಎಬ್ಬಿಸಿದರೆ ರಂಗಪ್ಪ ಏಳಲಿಲ್ಲ. ಡಾಕ್ಟರು ಬಂದು, ಹೃದಯ ನಿಂತಿದೆ ಎಂದರು.

ಬೀಗರು ಬಂದಾಗ ಮನೆ ತುಂಬ ಜನ. ಅಷ್ಟು ಜನರನ್ನು ಕಂಡು ಪುಟ್ಟಿ ಅಮ್ಮನ ಸೊಂಟ ಬಿಟ್ಟು ಇಳಿಯಲೇ ಇಲ್ಲ.

ಬೀಗಿತ್ತಿ: ಮಗು ನಡೀತದೆ ಅಂದಿದ್ರಲ್ಲ ಬೀಗ್ರು... ಪಾಪ, ನಮಗೆ ಸಮಾಧಾನ ಆಗ್ಲಿ ಅಂತ ಅಂದಿದ್ರೇನೋ.

ಸುಲೋಚನಮ್ಮನ ಅಳು ಅಲ್ಲೇ ನಿಂತಿತು.

ಸುಲೋಚನಮ್ಮ: ನಡೆದ್ಲು ಕಣ್ರೀ.

ತಿಥಿ ಮುಗಿಸಿ ಮಾನಸ ಅಜ್ಜಂಪುರಕ್ಕೆ ಹೋದಳು. ಅಲ್ಲಿ ಪುಟ್ಟಿ ಅಂಗಳ ತುಂಬ ಓಡಾಡಿದಳು. ನಮ್ಮನೇಲೇ ಮೊದಲ ಹೆಜ್ಜೆ ಎಂದು ಬೀಗಿತ್ತಿ ಕಂಡಕಂಡವರಿಗೆಲ್ಲ ಹೇಳಿದರು. ಸಿಂಗಟಗೆರೆಗೂ ಸುದ್ದಿ ಬಂತು.

ಈಗ ಸುಲೋಚನಮ್ಮ ದಿನಾ ಬೆಳಗ್ಗೆ ಎದ್ದು ಕೊಟ್ಟಿಗೆ ಬಾಚುತ್ತಾಳೆ. ಬಾಗಿಲಿಗೆ ನೀರು ಹಾಕುತ್ತಾಳೆ. ಕೈ ತೊಳೆದು ಅಜ್ಜಂಪುರಕ್ಕೆ ಫೋನು ಮಾಡುತ್ತಾಳೆ.

ಬೀಗಿತ್ತಿ: ಗೊತ್ತು ಕಣ್ರೀ, ನಿಮ್ಮನೇಲೇ ನಡೆದಿದ್ದು. ಆದ್ರೂ ಪಂಚೆ ಹಿಡ್ಕೊಂಡು ನಡೆದ್ರೆ ಅದು ನಡಿಗೆನಾ?

ಸುಲೋಚನಮ್ಮ: ಪಂಚೆ ಅವರ ಮೈಮೇಲಿರ್ಲಿಲ್ಲ, ಅವಳ ಕೈಲಿತ್ತು. ಅವ್ರು ಎದ್ದು ನಿಂತು ನೋಡಿದ್ರು.

ಬೀಗಿತ್ತಿ: ದಿನಾ ಇದನ್ನೇ ಹೇಳ್ತೀರಲ್ಲ, ನಿಮಗೆ ಸಾಕಾಗಲ್ವಾ?

ಸುಲೋಚನಮ್ಮ: ಎಮ್ಮೆ ಕರೀಬೇಕು, ಇಡ್ರಿ. ನಾಳೆ ಮಾಡ್ತೀನಿ.