ಇಪ್ಪತ್ತೆರಡು ಲೀಟರಿನ ಗ್ಯಾಸ್ಕೆಟ್

ಹಿನಕಲ್ಲಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ರೇವಣಸಿದ್ದನನ್ನು ಆ ಗುರುವಾರ ಮೊದಲ ಗಿರಾಕಿ ಕೇಳಿದ್ದು ಇಪ್ಪತ್ತೆರಡು ಲೀಟರ್ ಕುಕ್ಕರಿನ ಗ್ಯಾಸ್ಕೆಟ್. ಅವನಲ್ಲಿ ಮೂರು ಲೀಟರಿನದಿತ್ತು, ಐದರದಿತ್ತು, ಹನ್ನೆರಡರದೂ ಒಂದು ಮೊಳೆಯಲ್ಲಿ ನೇತಾಡುತ್ತಿತ್ತು. ಇಪ್ಪತ್ತೆರಡರದು ಇರಲಿಲ್ಲ.

“ಇಲ್ಲ ಕಣಮ್ಮ” ಎಂದು ಕಳಿಸಿದ. ಅಲ್ಲಿಗೇ ಮುಗಿಯಬೇಕಾದ ಮಾತು. ಆದರೆ ಒಳಗೆ ಹೆಂಡತಿ ಸುಚಿತ್ರಾ ಲೋಟಗಳಿಗೆ ಬೆಲೆಚೀಟಿ ಅಂಟಿಸುತ್ತಾ ಕೂತಿದ್ದಳು. ಹಿಂದಿನ ತಿಂಗಳು ಇಡ್ಲಿ ತಟ್ಟೆ ಮುಗಿದು ಹನ್ನೆರಡು ದಿನವಾದ ಮೇಲೆ ಇವನು ಮತ್ತೆ ತರಿಸಿದ್ದ. ಅಷ್ಟರಲ್ಲಿ ಮದುವೆಗೆ ಉಡುಗೊರೆ ಕೊಳ್ಳುವವರೆಲ್ಲ ಹಿಂದಿನ ರಸ್ತೆಯ ಅಂಗಡಿ ಸೇರಿದ್ದರು. ಅದನ್ನು ಅವಳು ಮರೆತಿರಲಿಲ್ಲ.

“ನಿಮ್ದು ಪಾತ್ರೆ ಅಂಗಡಿ ಅಲ್ಲ ಕಣ್ರೀ, ‘ಇಲ್ಲ’ ಅನ್ನೋ ಅಂಗಡಿ. ಯಾರು ಏನು ಕೇಳಿದ್ರು ಅಂತ ಬರ್ದಿಡಿ. ಪದೇ ಪದೇ ಕೇಳಿದ್ರೆ ತರ್ಸಿ. ಅಷ್ಟೇ ವ್ಯಾಪಾರ.”

ರೇವಣಸಿದ್ದ ಒಂದು ರಟ್ಟಿನ ಚೂರು ತೆಗೆದು ಗೀಟು ಎಳೆದ. ಕಾಲು ಗಂಟೆಯಲ್ಲಿ ಸ್ಕೂಟರಿನವನೊಬ್ಬ ಬಂದು, ಎಂಜಿನ್ ಕೂಡ ಆರಿಸದೆ ಅದೇ ಗ್ಯಾಸ್ಕೆಟ್ ಕೇಳಿ ಹೋದ. ಎರಡನೇ ಗೀಟು. ಹನ್ನೊಂದರ ಹೊತ್ತಿಗೆ ಗೀಟುಗಳು ಐದಾದವು.

“ಏನ್ ಸಾರ್, ಎಲ್ರೂ ಇದನ್ನೇ ಕೇಳ್ತಾ ಇದೀರಲ್ಲ?” ಎಂದು ಐದನೆಯವರನ್ನು ಕೇಳಿದ.

“ಅರ್ಜೆಂಟು ಕಣ್ರೀ, ಇವತ್ತೇ ಬೇಕು” ಎಂದು ಅವರು ಮುಂದಿನ ಅಂಗಡಿಗೆ ದಾಪುಗಾಲು ಹಾಕಿದರು.

ಪಕ್ಕದ ಜೆರಾಕ್ಸ್ ಅಂಗಡಿಯ ಜವರಪ್ಪ ಇದನ್ನೆಲ್ಲ ನೋಡುತ್ತಿದ್ದ. ಅವನ ಮೆಷಿನ್ನು ಕೆಟ್ಟು ಎರಡು ದಿನವಾಗಿತ್ತು, ಹಾಗಾಗಿ ಊರಿನವರಿಗೆಲ್ಲ ಸಲಹೆ ಕೊಡಲು ಪುರುಸೊತ್ತಿತ್ತು.

“ನಂಗೊತ್ತಾಯ್ತು ಬುಡು ರೇವಣ್ಣ. ಎಲ್ಲ ಮನೇಲೇ ಅಡುಗೆ ಮಾಡಿ ಹೂಟಗಳ್ಳಿ ಫ್ಯಾಕ್ಟರಿಗಳಿಗೆ ಊಟ ಕಳಿಸಕ್ಕೆ ಶುರು ಮಾಡವ್ರೆ. ಅದ್ಕೇ ದೊಡ್ಡ ಕುಕ್ಕರು. ಈಗ ತಂದ್ರೆ ನೀನೊಬ್ನೇ ರಾಜ. ನಾಳೆ ತಂದ್ರೆ ಹತ್ತು ಜನ ತಂದಿರ್ತಾರೆ.”

ಏಳನೇ ಗೀಟು ಬಿದ್ದಾಗ ರೇವಣಸಿದ್ದನಿಗೆ ತಡೆಯಲಾಗಲಿಲ್ಲ. ಸುಚಿತ್ರಾ ಅಡುಗೆಗೆಂದು ಮನೆಗೆ ಹೊರಟವಳು, “ಒಂದು ಡಜನ್ ತನ್ನಿ ಸಾಕು. ಹೋಗೋದು ನೋಡ್ಕೊಂಡು ಮತ್ತೆ ತಂದ್ರಾಯ್ತು” ಎಂದು ಎರಡು ಸಲ ಹೇಳಿದಳು. ಅವನು ಎರಡು ಸಲವೂ ತಲೆಯಾಡಿಸಿ, ಬಾಗಿಲೆಳೆದು, ಸ್ಕೂಟರಿನಲ್ಲಿ ಮಂಡಿ ಮೊಹಲ್ಲಾಕ್ಕೆ ಹೋದ.

ಹೋಲ್‌ಸೇಲ್ ಅಂಗಡಿಯ ವಿಜಯ್‌ಕುಮಾರ್ ಗ್ಯಾಸ್ಕೆಟ್ಟಿನ ಹೆಸರು ಕೇಳಿದ್ದೇ ಹುಬ್ಬೇರಿಸಿದರು.

“ಹಿನಕಲ್ಲಾ? ಬೆಳಗ್ಗೆಯಿಂದ ನಿಮ್ಮ ಕಡೆಯವರೇ ನಾಲ್ಕು ಜನ ಬಂದು ಕೇಳಿದ್ರಲ್ಲ! ಏನ್ರೀ ಸಮಾಚಾರ?”

ರೇವಣಸಿದ್ದ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಾಲ್ಕು ಜನ ಅಂದರೆ ನಾಲ್ಕು ಅಂಗಡಿಯವರು! “ತಗೊಂಡು ಹೋದ್ರಾ?”

“ಇಲ್ಲ, ರೇಟು ಕೇಳ್ಕೊಂಡು ಹೋದ್ರು. ನನ್ನ ಹತ್ರ ಇರೋದೇ ಐದು ಡಜನ್. ಒಂದು ಡಜನ್ ಕೊಡ್ಲಾ?”

ಒಂದು ಡಜನ್ ಒಯ್ದರೆ ಉಳಿದ ನಾಲ್ಕನ್ನು ಆ ನಾಲ್ವರು ಬಾಚಿಕೊಳ್ಳುತ್ತಾರೆ. ಒಂದಕ್ಕೆ ನಲವತ್ತು ರೂಪಾಯಿ ಲಾಭವೆಂದರೂ ಅರವತ್ತಕ್ಕೆ ಎರಡು ಸಾವಿರದ ನಾನೂರು. ಜೀವನದಲ್ಲಿ ಒಮ್ಮೆಯಾದರೂ ಬೇರೆಯವರಿಗಿಂತ ಮೊದಲು ಮಾಲು ತಂದವನು ಅನ್ನಿಸಿಕೊಳ್ಳಬೇಕು.

“ಐದೂ ಕಟ್ಟಿ.”

“ರಬ್ಬರ್ ಐಟಮ್ಮು ವಾಪಸ್ ತಗೊಳ್ಳಲ್ಲ, ಮೊದ್ಲೇ ಹೇಳ್ಬುಟ್ಟಿದೀನಿ.”

“ವಾಪಸ್ ಯಾಕೆ ಸಾರ್ ಬರುತ್ತೆ?”

ಬರುವಾಗ ಒಂದು ಹಂಪ್ ಮೇಲೆ ಚೀಲದ ಹೊಲಿಗೆ ಬಿಚ್ಚಿ ಗ್ಯಾಸ್ಕೆಟ್ಟುಗಳು ರಸ್ತೆಗೆಲ್ಲ ಉರುಳಿದವು. ಬಸ್ಸಿನವನು ಹಾರ್ನ್ ಹೊಡೆದ, ಆಟೋದವನು ನಕ್ಕ. ರೇವಣಸಿದ್ದ ಮರಿಗಳ ಹಿಂದೆ ಓಡುವ ಕೋಳಿಯಂತೆ ಓಡಾಡಿ ಅರವತ್ತನ್ನೂ ಹಿಡಿದು, ಅರ್ಧವನ್ನು ಹ್ಯಾಂಡಲಿಗೂ ಅರ್ಧವನ್ನು ತನ್ನ ಕೊರಳಿಗೂ ಹಾಕಿಕೊಂಡು ಬಂದ. ಬೀದಿ ನಾಯಿಗಳು ಅಂಗಡಿಯವರೆಗೂ ಬೊಗಳುತ್ತಾ ಬೀಳ್ಕೊಟ್ಟವು.

ಎಲ್ಲವನ್ನೂ ಅಂಗಡಿಯ ಮುಂದೆ ಸಾಲಾಗಿ ನೇತುಹಾಕಿ ಕಾದು ಕೂತ. ಮೂರಾಯಿತು, ನಾಲ್ಕಾಯಿತು. ಒಬ್ಬರೂ ಬರಲಿಲ್ಲ. ಒಬ್ಬಾಕೆ ಮೂರು ಲೀಟರಿನದು ಕೇಳಿದಾಗ, “ಇಪ್ಪತ್ತೆರಡರದು ತಗೊಳಿ, ಗಟ್ಟಿ ಮಾಲು” ಎಂದ.

“ನಮ್ಮನೇಲಿರೋದು ಇಬ್ರೇ ಕಣಪ್ಪ” ಎಂದು ಆಕೆ ಅವನನ್ನು ಮೇಲಿಂದ ಕೆಳಕ್ಕೆ ನೋಡಿದಳು.

“ಸಂಜೆ ನೋಡು, ಕ್ಯೂ ನಿಲ್ತಾರೆ” ಎಂದ ಜವರಪ್ಪ. ಆದರೆ ಕುರ್ಚಿಯನ್ನು ತುಸು ದೂರಕ್ಕೆ ಎಳೆದುಕೊಂಡ.

ಐದು ಗಂಟೆಗೆ ಬಂದವರು ಸಿದ್ದಲಿಂಗಮ್ಮ, ಬಡಾವಣೆಯ ಮಹಿಳಾ ಸಂಘದ ಅಧ್ಯಕ್ಷೆ. ನೇತಾಡುವ ಮಾಲು ಕಂಡು ಅವರ ಮುಖ ಅರಳಿತು. “ಅಯ್ಯೋ ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪ! ಇಪ್ಪತ್ತೆರಡು ಲೀಟರಿಂದೇ ತಾನೇ?”

“ಹೌದು ತಾಯಿ, ಎಷ್ಟು ಡಜನ್ ಕೊಡ್ಲಿ?”

“ಡಜನ್ ಯಾಕೋ? ಒಂದು. ಸಂಘದ ಕುಕ್ಕರಿಂದು ಹರಿದೋಯ್ತು. ನಾಳೆ ನೂರು ಜನಕ್ಕೆ ಊಟ. ಬೆಳಗ್ಗೆ ನಮ್ಮ ವಾಟ್ಸಾಪ್ ಗುಂಪಲ್ಲಿ ಹಾಕಿದ್ದೆ, ಎಲ್ಲೇ ಸಿಕ್ಕಿದ್ರೂ ಒಂದು ತನ್ನಿ ಅಂತ. ಏಳು ಮನೆಯೋರು ಹುಡುಕಿದ್ದೇ ಹುಡುಕಿದ್ದು. ಇಲ್ಲೂ ಬಂದಿದ್ರಂತೆ.”

ರೇವಣಸಿದ್ದ ನೇತಾಡುವ ಸಾಲನ್ನೊಮ್ಮೆ ನೋಡಿದ. “ಮಂಡಿಗೂ... ನಾಲ್ಕು ಜನ?”

“ಅವ್ರೂ ನಮ್ಮೋರೇ ಕಣಪ್ಪ. ಅಲ್ಲಿ ಡಜನ್ ಲೆಕ್ಕದಲ್ಲೇ ಕೊಡೋದು ಅಂದ್ರಂತೆ, ಒಂದಕ್ಕೋಸ್ಕರ ಹನ್ನೆರಡು ಯಾವ ದಡ್ಡ ತಗೋತಾನೆ ಅಂತ ವಾಪಸ್ ಬಂದ್ಬುಟ್ರು.”

“ಸ್ಪೇರ್ ಅಂತ ಇನ್ನೆರಡು ಇಟ್ಕೊಳ್ಳಿ ತಾಯಿ...”

“ಹಳೇದು ಒಂಬತ್ತು ವರ್ಷ ಬಾಳಿಕೆ ಬಂತಪ್ಪ. ಇದು ಹೋದಾಗ ಮತ್ತೆ ನಿನ್ನ ಹತ್ರಾನೇ ಬರ್ತೀನಿ” ಎಂದು ಭರವಸೆ ಕೊಟ್ಟು, ಹತ್ತು ರೂಪಾಯಿ ಚೌಕಾಸಿಯನ್ನೂ ಮಾಡಿ, ಒಂದನ್ನು ಬಳೆಯಂತೆ ಕೈಗೇರಿಸಿಕೊಂಡು ಹೊರಟರು.

ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದ ಸುಚಿತ್ರಾ ಬೈಯಲಿಲ್ಲ. ಮೊಬೈಲ್ ತೆಗೆದು ಗುಣಾಕಾರ ಮಾಡಿದಳು.

“ಉಳಿದಿರೋದು ಐವತ್ತೊಂಬತ್ತು. ಒಂದೊಂದಕ್ಕೆ ಒಂಬತ್ತು ವರ್ಷ. ಮುಂದಿನ ಆರ್ಡರು ಇನ್ನು ಐನೂರ ಮೂವತ್ತೊಂದು ವರ್ಷಕ್ಕೆ. ಈ ಸಲವಾದ್ರೂ ತಡ ಮಾಡ್ಬೇಡಿ.”

ಅಷ್ಟರಲ್ಲಿ ಸಿದ್ದಲಿಂಗಮ್ಮ ಏದುಸಿರು ಬಿಡುತ್ತಾ ಹಿಂದಿರುಗಿದರು.

“ತಪ್ಪು ತಿಳ್ಕೋಬೇಡ ಕಣಪ್ಪ. ನಮ್ಮೋರೊಬ್ರಿಗೆ ಹೂಟಗಳ್ಳೀಲಿ ಮಧ್ಯಾಹ್ನಾನೇ ಸಿಕ್ಕಿ, ಕುಕ್ಕರಿಗೆ ಹಾಕೂ ಬಿಟ್ಟವ್ರೆ. ಇದನ್ನ ವಾಪಸ್ ತಗೋ.”

ರೇವಣಸಿದ್ದ ದುಡ್ಡು ಹಿಂದಿರುಗಿಸಿ ಗ್ಯಾಸ್ಕೆಟ್ಟನ್ನು ಮೊಳೆಗೆ ಹಾಕಿದ.

“ಐನೂರ ನಲವತ್ತು” ಎಂದಳು ಸುಚಿತ್ರಾ.