ತಮಗೆ ತಾವೇ ಧೈರ್ಯ ಹೇಳಿಕೊಂಡ ಮೂವರು ಮತ್ತು ನನ್ನ ಕಾರು

ಕಾರು ಕಲಿಸುವವನ ಬಾಳಿನಲ್ಲಿ ನಗುವಂಥದ್ದು ದಿನಾ ನಡೆಯುತ್ತದೆ. ಆದರೆ ನಡೆಯುವ ಹೊತ್ತಿನಲ್ಲಿ ಅವನಿಗೆ ನಗಲು ಪುರುಸೊತ್ತಿರುವುದಿಲ್ಲ, ಕಾಲು ಬ್ರೇಕಿನ ಮೇಲಿರುತ್ತದೆ.

ನಾನು ಲಕ್ಷ್ಮೇಶ್ವರದಲ್ಲಿ ಹದಿನೆಂಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಹೋದ ವರ್ಷ ಬೆಳಗಿನ ಪಾಳಿಗೆ ಮೂವರಿದ್ದರು. ಶಿರಹಟ್ಟಿಯ ಬಟ್ಟೆ ಅಂಗಡಿ ಸಾಹುಕಾರರು, ನಮ್ಮೂರಿನ ನಿವೃತ್ತ ಹೆಡ್ ಮಾಸ್ತರು, ಶಿಗ್ಲಿಯಿಂದ ಬರುತ್ತಿದ್ದ ರೊಟ್ಟಿ ಅಕ್ಕಾರು. ಅಕ್ಕಾರು ಖಡಕ್ ರೊಟ್ಟಿ ಮಾಡಿ ಗದಗಿನ ಖಾನಾವಳಿಗಳಿಗೆ ಕೊಡುವವರು. ಗಾಡಿ ಅವರದೇ, ಓಡಿಸುವವನು ಮಾತ್ರ ಮೈದುನ. ಅವನಿಗೆ ಮನಸ್ಸಾದರೆ ಗಾಡಿ ಹೊರಡುತ್ತದೆ, ಇಲ್ಲದಿದ್ದರೆ ರೊಟ್ಟಿಯ ಬುಟ್ಟಿಗಳು ಅಂಗಳದಲ್ಲೇ ಕೂರುತ್ತವೆ. ಲೈಸೆನ್ಸ್ ಪರೀಕ್ಷೆಯಲ್ಲಿ ಅಕ್ಕಾರು ಎರಡು ಸಲ ಫೇಲಾಗಿದ್ದರು. ಓಡಿಸಲು ಬರದೆ ಅಲ್ಲ. ಪಕ್ಕದಲ್ಲಿ ಪರೀಕ್ಷೆ ಮಾಡುವ ಆರ್‌ಟಿಓ ಸಾಹೇಬರು ಕೂತರೆ ಸಾಕು, ಕೈಕಾಲು ತಣ್ಣಗಾಗುತ್ತಿದ್ದವು.

“ಈ ಸಲಾನೂ ಆಗಲಿಲ್ಲಂದ್ರ ಜನಮಪೂರ್ತಿ ಮೈದುನನ ಮುಂದ ಕೈ ಮುಗಕೊಂತ ನಿಂದ್ರಬೇಕ್ರಿ ಸರ್,” ಅಂದರು.

ನನಗೆ ನಿಜಕ್ಕೂ ಕೆಟ್ಟದೆನಿಸಿತು. ಗಾಬರಿಯಾದಾಗ ನಮಗೆ ನಾವೇ ಒಳ್ಳೆಯ ಮಾತು ಹೇಳಿಕೊಳ್ಳಬೇಕು ಅಂತ ಮೊಬೈಲಿನಲ್ಲಿ ಯಾರೋ ಡಾಕ್ಟರು ಹೇಳಿದ್ದನ್ನು ಕೇಳಿದ್ದೆ. ಮರುದಿನ ಮೂವರಿಗೂ ಅದನ್ನೇ ಹೇಳಿದೆ. “ಬಾಯಿಬಿಟ್ಟ ಹೇಳ್ಕೊರಿ. ನಿಮಗ ನೀವ ಧೈರ್ಯ ಕೊಡ್ರಿ.”

ಆ ಡಾಕ್ಟರು ನಮ್ಮ ಕಡೆಯವರಲ್ಲ ಅಂತ ಆಮೇಲೆ ತಿಳಿಯಿತು.

ಸಾಹುಕಾರರು

ಮೂವತ್ತು ವರ್ಷ ಅಂಗಡಿಯ ಗಾದಿಯ ಮೇಲೆ ಕೂತವರು. ಅವರಿಗೆ ಒಳ್ಳೆಯ ಮಾತು ಅಂದರೆ ಗಿರಾಕಿಗೆ ಆಡುವ ಮಾತು. ಸ್ಟೇರಿಂಗ್ ಹಿಡಿದು ಶುರು ಮಾಡಿದರು.

“ಬರ್ರಿ, ಬರ್ರಿ, ಕುಂಡ್ರಿ. ನಿಮ್ದ ಅಂಗಡಿ ಐತಿ, ಹೆದರೂದೇನೈತಿ? ಫಸ್ಟ್ ಗೇರ್ ಹಾಕಿ ನೋಡ್ರಿ. ನೋಡಾಕೇನ ರೊಕ್ಕಾ ಕೊಡಬೇಕಾ?”

ಗಾಡಿ ಚೆನ್ನಾಗಿಯೇ ಹೋಯಿತು. “ಸೆಕೆಂಡ್ ತೋರಸ್ಲೇನ್ರಿ? ಅದೂ ಚಲೋ ಐತಿ,” ಎಂದು ಅದನ್ನೂ ಹಾಕಿದರು. ನನಗೆ ಖುಷಿಯೋ ಖುಷಿ.

ಬಸ್ ಸ್ಟ್ಯಾಂಡ್ ಹತ್ತಿರ ಎದುರಿಗೊಂದು ಬಸ್ಸು, ಹಿಂದೊಂದು ಟ್ರ್ಯಾಕ್ಟರ್ ಬಂದು ಹಾರ್ನ್ ಹೊಡೆದವು. ಸಾಹುಕಾರರಿಗೆ ಬೆವರು ಕಿತ್ತುಕೊಂಡಿತು. ಆದರೂ ದನಿ ಮೆತ್ತಗೇ ಇತ್ತು.

“ಇರ್ಲಿ ಬಿಡ್ರಿ, ಒತ್ತಾಯ ಇಲ್ಲ. ಇವತ್ತ ಮನಸಿಗಿ ಬರಲಿಲ್ಲಂದ್ರ ನಾಳಿ ಬರ್ರಿ.”

ಹೀಗೆ ತಮಗೆ ತಾವೇ ಹೇಳಿಕೊಂಡು, ನಡುರಸ್ತೆಯಲ್ಲಿ ಗಾಡಿ ಬಂದ್ ಮಾಡಿ, ಇಳಿದು ಶಿರಹಟ್ಟಿ ಬಸ್ಸು ಹತ್ತಿದರು.

ಮಾಸ್ತರು

ಮಾಸ್ತರು ಕಲಿಸುವ ಪದ್ಧತಿಯೇ ಬೇರೆ. ಮಾತಿನ ಕೊನೆಯ ತುಂಡನ್ನು ಮಕ್ಕಳು ಒಕ್ಕೊರಲಿನಿಂದ ಹೇಳಬೇಕು, ಅಲ್ಲಿಯ ತನಕ ಮುಂದಿನ ಸಾಲಿಗೆ ಹೋದವರಲ್ಲ. ಧೈರ್ಯವನ್ನೂ ಹಾಗೇ ಹೇಳಿಕೊಂಡರು.

“ಗಾಬರಿ ಆಗಬಾರ...”

ಕಾರು ಹೋಗುತ್ತಲೇ ಇತ್ತು, ಮಾಸ್ತರು ಕಾಯುತ್ತಿದ್ದರು. ನಾನೂ ಹಿಂದಿನ ಸೀಟಿನ ಅಕ್ಕಾರೂ “ದು” ಅಂದೆವು.

“ಎಮ್ಮಿ ಅಡ್ಡ ಬಂದ್ರ ಒತ್ತಬೇಕು ಬ್ರೇ...”

“ಕು.”

ಒಂದು ವಾರ ಹೀಗೇ ನಡೆಯಿತು. ಅಡರಕಟ್ಟಿ ರಸ್ತೆಯಲ್ಲಿ ಒಂದು ದಿನ ನನ್ನ ಬಾಯಲ್ಲಿ ಅಕ್ಕಾರು ಕೊಟ್ಟ ರೊಟ್ಟಿ ಮತ್ತು ಶೇಂಗಾ ಚಟ್ನಿ ಇತ್ತು. ಅಕ್ಕಾರು ಫೋನಿನಲ್ಲಿ ಮೈದುನನ ಜೊತೆ ಜಗಳದಲ್ಲಿದ್ದರು. ಎದುರಿಗೆ ತಿರುವು ಬಂತು.

“ಸ್ಟೇರಿಂಗ್ ಹೊಳ್ಳಿಸಬೇಕು ಎಡ...”

ಮಾಸ್ತರು ತಾಳ್ಮೆಯಿಂದ ಕಾದರು. ನಾನು ಕೆಮ್ಮುತ್ತಾ ನನ್ನ ಕಡೆಯ ಬ್ರೇಕು ಒತ್ತುವಷ್ಟರಲ್ಲಿ ಕಾರು ಗೋವಿನಜೋಳದ ಹೊಲದೊಳಗೆ ನಿಂತಿತ್ತು. ಮಾಸ್ತರು ಹಿಂದೆ ತಿರುಗಿದರು.

“ಲಕ್ಷ್ಯ ಎಲ್ಲೈತಿ? ಹಿಂದಿನ ಬೆಂಚು, ಎದ್ದು ನಿಲ್ಲು.”

ಅಕ್ಕಾರು ಹೆದರಿ ನಿಜಕ್ಕೂ ಎದ್ದು ನಿಲ್ಲಲು ಹೋಗಿ ತಲೆ ಬಡಿಸಿಕೊಂಡರು.

ಅಕ್ಕಾರು

“ನಂಗ ನಾ ಒಳ್ಳೆ ಮಾತ ಹೆಂಗ ಹೇಳ್ಕೊಳ್ಳಿ ಸರ್? ನಾಚಿಕಿ ಬರತೈತಿ,” ಅಂದರು ಅಕ್ಕಾರು.

“ನಿಮ್ಮ ಜೀವದ ಗೆಳತಿಗಿ ಧೈರ್ಯ ಹೆಂಗ ಹೇಳ್ತೀರಿ? ಹಂಗ ಹೇಳ್ಕೊರಿ.”

ಇಲ್ಲಿಯೇ ನಾನು ಎಡವಿದ್ದು. ಅವರ ಜೀವದ ಗೆಳತಿ ಅಂದರೆ ಒಂದೇ ಒಲೆಯ ಮುಂದೆ ಅವರ ಜೊತೆ ರೊಟ್ಟಿ ಬಡಿಯುವಾಕೆ. ನಮ್ಮ ಕಡೆ ಗೆಳೆತನ ಗಟ್ಟಿಯಾದಷ್ಟೂ ಬೈಗುಳ ಜಾಸ್ತಿ. ಅವರಿಬ್ಬರ ಮಾತನ್ನು ನಾನು ಒಮ್ಮೆಯಾದರೂ ಕೇಳಿ ಬರಬೇಕಿತ್ತು.

ಗದಗಿನಲ್ಲಿ ಪರೀಕ್ಷೆಯ ದಿನ ಪಕ್ಕದಲ್ಲಿ ಕೂತವರು, ಎರಡು ಸಲ ಅಕ್ಕಾರನ್ನು ಫೇಲ್ ಮಾಡಿದ್ದ ಅದೇ ಸಾಹೇಬರು. ನಾನು ಹಿಂದಿನ ಸೀಟಿನಲ್ಲಿ. ಅಕ್ಕಾರು ಉಸಿರೆಳೆದುಕೊಂಡು ಮುಂದಿನ ಗಾಜಿನತ್ತ ನೋಡುತ್ತಾ ಶುರು ಮಾಡಿದರು.

“ಲೇ ಖೋಡಿ, ಯಾಕ ಮಾರಿ ಹಿಂಗ ಮಾಡ್ಕೊಂಡ ಕುಂತಿ? ಯಾರರ ಸತ್ತಾರೇನು?”

ಸಾಹೇಬರು ತಟ್ಟನೆ ಮುಖ ಸರಿ ಮಾಡಿಕೊಂಡರು.

ಗಾಡಿ ಹೊರಟಿತು. “ಅತ್ತಾಗ ಇತ್ತಾಗ ಏನ ನೋಡ್ತಿ? ಮುಂದ ನೋಡು.”

ಸಾಹೇಬರು ಮೊಬೈಲು ಕಿಸೆಗೆ ಹಾಕಿ ಮುಂದೆ ನೋಡಿದರು.

“ಮೊಣಕಾಲ ನಡಗಸಬ್ಯಾಡ.”

ಸಾಹೇಬರು ಕುಣಿಸುತ್ತಿದ್ದ ಮೊಣಕಾಲು ನಿಲ್ಲಿಸಿದರು.

ಮುಗಿಯಿತು, ಇನ್ನು ಆ ಮೈದುನನೇ ಗತಿ ಅಂದುಕೊಂಡೆ. ಆದರೆ ಗಾಡಿ ಒಂದೂ ಕಂಬಕ್ಕೆ ತಾಗದೆ ಎಂಟರ ಆಕಾರ ಸುತ್ತಿತು, ನೇರವಾಗಿ ಹಿಂದೆ ಬಂತು, ಗೆರೆಯ ಮೇಲೆ ನಿಂತಿತು. ಅಕ್ಕಾರು ಅಷ್ಟು ಚಂದ ಎಂದೂ ಓಡಿಸಿರಲಿಲ್ಲ. ನಿಲ್ಲಿಸಿದ ಮೇಲೆ ತುಂಬಾ ಅಕ್ಕರೆಯಿಂದ ಅಂದರು.

“ಇಷ್ಟ ಶಾಣೇತನ ಇಟ್ಕೊಂಡು ಎರಡ ಸಲ ಹೊಲಸೆಬ್ಬಿಸಿದೆಲ್ಲ. ಈ ಸಲ ಹಂಗ ಮಾಡಿದಿ ಅಂದ್ರ ಮಂದಿ ಮಾರಿಗಿ ಉಗಳ್ತಾರ, ನೋಡ ಮತ್ತ.”

ಸಾಹೇಬರು ಪಾಸ್ ಅಂತ ಬರೆದು, ಕಾಗದವನ್ನು ಎರಡೂ ಕೈಯಿಂದ ಕೊಟ್ಟು ಇಳಿದರು. ನಾನು ಅವರ ಹಿಂದೆಯೇ ಓಡಿದೆ.

“ತಪ್ಪ ತಿಳ್ಕೊಬ್ಯಾಡ್ರಿ ಸಾಹೇಬ್ರ. ಅವರು ಅದನ್ನ ತಮಗ ತಾವ ಹೇಳ್ಕೊಂಡಿದ್ದು.”

ಸಾಹೇಬರು ನಿಂತರು. ಮುಖ ಸಣ್ಣದಾಯಿತು.

“ಹೌದ? ಗಾಡಿ ಏನೋ ಖರೇನ ಚಲೋ ಹೊಡದ್ರು, ಅದಕ್ಕ ಪಾಸ್ ಮಾಡೇನಿ. ಆದ್ರ ಮಾತೆಲ್ಲಾ ನನಗ ಅಂತ ತಿಳಿದಿದ್ದೆ. ನಮ್ಮವ್ವ ಹೋದ ಮ್ಯಾಲೆ ಇಷ್ಟ ಪ್ರೀತಿಲೆ ಯಾರೂ ಬೈದಿದ್ದಿಲ್ಲ ನೋಡ್ರಿ.”