‘ವಯಸ್ಸಿನ ಆಟ’ವೆಂದು ಕಂಡುಹಿಡಿದ ಡಾಕ್ಟರಿಗೆ

ಮಾನ್ಯರೂ, ಮಕ್ಕಳ ಮನಸ್ಸನ್ನು ಮುಖ ನೋಡಿಯೇ ಓದಬಲ್ಲವರೂ ಆದ ಡಾಕ್ಟರ್ ಸಾಹೇಬರೇ,

ತಾವು ಸಕುಟುಂಬ ಕ್ಷೇಮವೆಂದು ನಂಬಿ, ಬೇಕರಿಯಲ್ಲಿ ಕೇಕಿಗೆ ಕ್ರೀಮು ಹಚ್ಚುವ ನಾನು, ತಮ್ಮ ಅಪಾರ ತಾಳ್ಮೆಯ ಸುದ್ದಿ ನಾಲ್ಕು ಜನಕ್ಕೆ ತಿಳಿಯಲೆಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಹನ್ನೊಂದು ವರ್ಷದ ನನ್ನ ಮಗಳು ತನ್ನ ಪುಟ್ಟ ತಮ್ಮನನ್ನು ಸಾಯಿಸುತ್ತೇನೆಂದು ಹೇಳತೊಡಗಿದಾಗ ನಾನು ಓಡಿ ಬಂದದ್ದು ತಮ್ಮಲ್ಲಿಗೇ. ಅವಳು ಕೂಗಾಡುವುದಿಲ್ಲ, ಹೋಂವರ್ಕ್ ಮುಗಿಯಿತೆನ್ನುವ ದನಿಯಲ್ಲೇ ಅದನ್ನೂ ಹೇಳುತ್ತಾಳೆ ಎಂದು ವಿವರಿಸಿದೆ. ತಾವು ಅವಳಿಗೆ ಬಣ್ಣದ ಪೆನ್ಸಿಲ್ ಕೊಟ್ಟಿರಿ; ಅವಳು ನಗುವ ಸೂರ್ಯನನ್ನು ಬರೆದಳು. ಸೂರ್ಯನೇ ನಕ್ಕ ಮೇಲೆ ತಾಯಿಯ ಅಳುವನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? “ಇದೆಲ್ಲ ವಯಸ್ಸಿನ ಆಟ ಕಣಮ್ಮ, ತಲೆ ಕೆಡಿಸ್ಕೋಬೇಡಿ” ಎಂದು ಕಳಿಸಿದಿರಿ.

ತಲೆ ಕೆಡಿಸಿಕೊಳ್ಳದೆ ಮನೆಯ ಚಾಕುಗಳನ್ನೆಲ್ಲ ಪಕ್ಕದ ಮನೆಗೆ ಸಾಗಿಸಿ, ಈರುಳ್ಳಿ ಹೆಚ್ಚಲು ಅಲ್ಲಿಗೇ ಹೋಗತೊಡಗಿದೆ. ಒಂದು ಮಧ್ಯಾಹ್ನ ನೋಡಿದರೆ, ಬಚ್ಚಲಲ್ಲಿ ಅವಳು ತಮ್ಮನ ಕತ್ತು ಹಿಡಿದು ತುಂಬಿದ ಬಕೆಟ್ಟಿಗೆ ಬಗ್ಗಿಸುತ್ತಿದ್ದಳು. ಒದ್ದೆ ತಲೆಯ ಮಗುವನ್ನು ಎತ್ತಿಕೊಂಡು, ಅವಳನ್ನೂ ಎಳೆದುಕೊಂಡು ಮತ್ತೆ ತಮ್ಮಲ್ಲಿಗೇ ಬಂದೆ. ತಾವು ಅವನು ನೀರು ಕುಡಿದಿಲ್ಲವೆಂದು ತಿಳಿದು, ಹಾಗಾದರೆ ಏನೂ ಆಗಿಲ್ಲವೆಂದು ತೀರ್ಮಾನಿಸಿ, ನಿದ್ದೆ ಮಾತ್ರೆಯನ್ನು ನನಗೆ ಬರೆದುಕೊಟ್ಟಿರಿ. ಮಗು ಮುಳುಗುವಾಗ ತಾಯಿ ಎಚ್ಚರವಿದ್ದರೆ ಅವಳ ಮನಸ್ಸಿಗೆ ನೋವಾದೀತೆಂಬ ತಮ್ಮ ಅಂತಃಕರಣ ದೊಡ್ಡದು. ಹಣೆಯ ತನಕ ಮುಳುಗಿದರೆ ಆಟ, ಮೂಗಿನ ತನಕವಾದರೆ ಕಾಯಿಲೆ ಎಂದೇನಾದರೂ ಇದ್ದರೆ, ದಯಮಾಡಿ ನಮ್ಮ ಬಕೆಟ್ಟಿನೊಳಗೆ ಒಂದು ಗೆರೆ ಎಳೆದು ಸೀಲು ಹಾಕಿಕೊಡಬೇಕೆಂದು ಪ್ರಾರ್ಥನೆ.

ಮೂರನೆಯ ಸಲ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ನನ್ನ ಮಗಳು ತಮ್ಮ ಮೇಜಿನ ಮೇಲಿದ್ದ ಫೋಟೋವನ್ನು, ಅದರಲ್ಲಿ ಶಾಲೆಯ ಬಟ್ಟೆ ತೊಟ್ಟಿದ್ದ ತಮ್ಮ ಮಗಳನ್ನು ನೋಡಿ, ಅದೇ ತಣ್ಣನೆಯ ದನಿಯಲ್ಲಿ ಹೇಳಿದಳು: “ಅಂಕಲ್, ಇವಳಿಗೂ ಹಾಗೇ ಮಾಡ್ತೀನಿ. ಯಾವ ಸ್ಕೂಲು ಅಂತ ಯೂನಿಫಾರಂ ನೋಡಿದ್ರೇ ಗೊತ್ತಾಗತ್ತೆ.”

ಆಹಾ, ವೈದ್ಯಶಾಸ್ತ್ರ ಅಷ್ಟು ಬೇಗ ಮುಂದುವರಿದದ್ದನ್ನು ನಾನು ಕಂಡಿರಲಿಲ್ಲ. ವಯಸ್ಸಿನ ಆಟ ನಿಂತ ನಿಲುವಿನಲ್ಲೇ ಗಂಭೀರ ಕಾಯಿಲೆಯಾಯಿತು. ತಾವು ಎದ್ದು ನಿಂತೇ ಫೋನು ಮಾಡಿದಿರಿ. ಜಾಗವೇ ಇಲ್ಲವೆನ್ನುತ್ತಿದ್ದ ದೊಡ್ಡ ಆಸ್ಪತ್ರೆಯಲ್ಲಿ ಸಂಜೆಯೊಳಗೆ ಹಾಸಿಗೆ ಸಿಕ್ಕಿತು.

ಅಲ್ಲಿನ ಡಾಕ್ಟರಮ್ಮ ನೆಲದ ಮೇಲೆ ಅವಳ ಪಕ್ಕ ಕೂತು, ಆತುರಪಡದೆ ಕೇಳಿದರು. ಕಿವಿಯಲ್ಲಿ ಯಾರೋ ಹಾಗೆ ಮಾಡು ಮಾಡು ಎನ್ನುತ್ತಿದ್ದರಂತೆ. ಅದನ್ನು ಎಲ್ಲರೆದುರು ಯಾಕೆ ಹೇಳುತ್ತಿದ್ದೆ ಎಂದದ್ದಕ್ಕೆ ಅವಳು ನನ್ನ ಕಡೆ ತಿರುಗಿ, “ಯಾರಾದ್ರೂ ನನ್ನ ತಡೀಲಿ ಅಂತ, ಅಮ್ಮ” ಎಂದಳು. ಸಾಹೇಬರೇ, ಈ ಮಾತಿಗೆ ವ್ಯಂಗ್ಯ ಸೇರಿಸಲು ನನಗೆ ಬರುವುದಿಲ್ಲ. ಈಗ ಔಷಧಿ ಹಿಡಿಸಿದೆ. ವಾರ್ಡಿನ ಗಾಜಿನಾಚೆ ನಿಂತ ತಮ್ಮನಿಗೆ ಮೊನ್ನೆ ಕೈಬೀಸಿದಳು.

ತಲೆ ಕೆಡಿಸಿಕೊಂಡೇ ಮಕ್ಕಳನ್ನು ಉಳಿಸಿಕೊಂಡ,
ತಮ್ಮ ವಿಶ್ವಾಸಿ,
ಇಬ್ಬರ ತಾಯಿ

ಮರೆತ ಮಾತು: ಆ ಫೋಟೋವನ್ನು ತಾವು ಡ್ರಾಯರಿನೊಳಗೆ ಇಟ್ಟುಬಿಟ್ಟಿದ್ದೀರಂತೆ. ದಯವಿಟ್ಟು ಮತ್ತೆ ಹೊರಗಿಡಿ. ಹೊರಗೆ ಬೆಂಚಿನ ಮೇಲೆ ಕಾದು ಕೂತ ತಾಯಂದಿರಿಗೆ ತಮ್ಮ ಬಳಿ ಬೇರೆ ಶಿಫಾರಸು ಇಲ್ಲ.